ಬುಡದ ಲೆಕ್ಕ, ಒಲೆಯ ಲೆಕ್ಕ

ಚೆನ್ನೈನ ಉತ್ತರ ಭಾಗದಲ್ಲಿ, ಬಂದರಿಗೂ ಕಾಸಿಮೇಡಿನ ಮೀನುಗಾರರ ಕೇರಿಗಳಿಗೂ ಹೊಂದಿಕೊಂಡಿರುವ ರಾಯಪುರಂನಲ್ಲಿ ಕಾಡಿಲ್ಲ. ಆದರೂ ದಕ್ಷಿಣ ಭಾರತದಲ್ಲಿ ಕಾಡಿನಿಂದ ಹೊರಹೋದ ಮರದ ಲೆಕ್ಕ ಹುಡುಕಲು ಹೊರಟರೆ ಮೊದಲ ನಿಲ್ದಾಣ ಅದೇ. 1856ರ ಜೂನ್ 28ರಂದು ಮದ್ರಾಸಿನ ಗವರ್ನರ್ ಲಾರ್ಡ್ ಹ್ಯಾರಿಸ್ ಅಲ್ಲಿನ ರೈಲು ನಿಲ್ದಾಣವನ್ನು ಉದ್ಘಾಟಿಸಿದರು. ಜುಲೈ 1ರಿಂದ ಅಲ್ಲಿಂದ ವಾಲಾಜಾ ರೋಡ್‌ವರೆಗೆ, ಸುಮಾರು 100 ಕಿ.ಮೀ. ದೂರ, ದಕ್ಷಿಣದ ಮೊದಲ ಪ್ರಯಾಣಿಕರ ರೈಲು ಓಡತೊಡಗಿತು. ಅದೇ ವರ್ಷ, ಅದೇ ಗವರ್ನರ್ ಆಡಳಿತದಲ್ಲಿ, ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯರು ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದರು.

ಎರಡಕ್ಕೂ ನಂಟಿತ್ತು. ಹಳಿಯ ಕೆಳಗೆ ಹಾಸಲು ಸ್ಲೀಪರ್ ಬೇಕು, ಎಂಜಿನ್ನಿನ ಹೊಟ್ಟೆಗೆ ಉರುವಲು ಬೇಕು. ಹಡಗಿನಲ್ಲಿ ತರಿಸಿದ ಕಲ್ಲಿದ್ದಲು ದುಬಾರಿಯಾಗಿದ್ದರಿಂದ ಮದ್ರಾಸ್ ರೈಲ್ವೆಯ ಎಂಜಿನ್‌ಗಳು ಬಹಳ ಕಾಲ ಸೌದೆಯನ್ನೇ ಉರಿಸಿದವು. ಸ್ಲೀಪರ್ ಒಂದಕ್ಕೇ ಪ್ರಾಂತ್ಯದಲ್ಲಿ ವರ್ಷಕ್ಕೆ ಸುಮಾರು 2,50,000 ತುಂಡು, ಅಂದರೆ 35,000 ಮರ ಬೇಕು ಎಂಬುದು ಆ ಕಾಲದ ಅಂದಾಜು. ಒಂದು ಮರಕ್ಕೆ ಏಳು ಸ್ಲೀಪರ್ ಎಂದಾಯಿತು. ಬಳಕೆಯ ತುದಿಯಿಂದ ಹಿಮ್ಮುಖವಾಗಿ ನಡೆದು ಕಾಡಿನ ಮರವನ್ನು ಎಣಿಸಿದ ಈ ಲೆಕ್ಕವನ್ನು ನಾನು ಬಹಳ ಮುಖ್ಯವೆಂದು ತಿಳಿದಿದ್ದೇನೆ. ಮರ ಎಲ್ಲಿ ಹೋಗುತ್ತಿದೆ ಎಂದು ಕೇಳಿ, ಅಲ್ಲಿಂದ ಎಣಿಸಿಕೊಂಡು ಬರುವ ಕ್ರಮ ಅದು. ಮುಂದಿನ ಒಂದೂವರೆ ಶತಮಾನದಲ್ಲಿ ನಾವು ಈ ಕ್ರಮವನ್ನು ಬಳಸಿದ್ದು ಕಡಿಮೆ.

ಕ್ಲೆಗ್‌ಹಾರ್ನ್ ನಮಗೆ ಹೊರಗಿನವರಲ್ಲ. 1840ರ ದಶಕದಲ್ಲಿ ಅವರು ಶಿವಮೊಗ್ಗದಲ್ಲಿ ವೈದ್ಯರಾಗಿದ್ದರು. ಮಲೆನಾಡಿನ ಗಿಡಗಳನ್ನು ಚಿತ್ರಕಾರರಿಂದ ಬರೆಸಿದವರು, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಕಣ್ಣಾರೆ ಕಂಡವರು. 1851ರಲ್ಲಿ ಕಾಡುನಾಶದ ಪರಿಣಾಮ ಕುರಿತು ಬ್ರಿಟಿಷ್ ಅಸೋಸಿಯೇಶನ್‌ಗೆ ಸಲ್ಲಿಸಿದ ವರದಿಯ ಹಿಂದೆ ಈ ಅನುಭವವಿತ್ತು. 1861ರ ಅವರ ಪುಸ್ತಕದಲ್ಲಿ ರೈಲ್ವೆಯ ಬೇಡಿಕೆಯೂ ಇದೆ, ಕುಮರಿಯೂ ಇದೆ. ಆದರೆ ಕಾನೂನಿನ ಕೈ ಮೊದಲು ಬಿದ್ದದ್ದು ಕುಮರಿಯವರ ಮೇಲೆ. ಬೆಟ್ಟದಲ್ಲಿ ರಾಗಿ ಬಿತ್ತುತ್ತಿದ್ದವನ ಬೆಂಕಿ ಅಧಿಕಾರಿಯ ಕಣ್ಣಿಗೆ ನೇರವಾಗಿ ಬೀಳುತ್ತದೆ. ನೂರಾರು ಮೈಲಿ ಆಚೆ ಬಾಯ್ಲರಿನಲ್ಲಿ ಉರಿಯುವ ಅದೇ ಕಾಡಿನ ಸೌದೆ ಕಾಡಿನಲ್ಲಿ ನಿಂತು ನೋಡಿದರೆ ಕಾಣುವುದಿಲ್ಲ.

ಮರ ಎಷ್ಟು ಹೋಯಿತು ಎಂಬ ಪ್ರಶ್ನೆಗೆ ಉತ್ತರ ಸಿಗುವ ಜಾಗಗಳು ಮೂರು: ಕಡಿದ ಬುಡ, ಸಾಗಿಸಿದ ದಾರಿ, ಉರಿಸಿದ ಒಲೆ. ನಮ್ಮ ಸಮೀಕ್ಷೆಗಳು ಮೊದಲನೆಯದನ್ನು ಚೆನ್ನಾಗಿ ಕಲಿತಿವೆ. ಮೂರನೆಯದನ್ನು ಹಳ್ಳಿಯ ಅಡುಗೆಮನೆಯ ಮಟ್ಟಿಗೆ ಮಾತ್ರ ಕಲಿತಿವೆ. ನಡುವಿನ ದಾರಿಯನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿವೆ. ಕಾಡಿನ ಅವನತಿಯ ಚರ್ಚೆ ತಲೆಹೊರೆ ಹೊತ್ತ ಹೆಂಗಸಿನ ಹತ್ತಿರ ಬಂದು ನಿಂತುಬಿಡುವುದಕ್ಕೆ ಇದೇ ಕಾರಣ ಎಂದು ನನಗೆ ತೋರುತ್ತದೆ.

ಮೊದಲು ಆಕಾಶದಿಂದ ಏನು ಕಾಣುತ್ತದೆ ನೋಡೋಣ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ದೇಶದ ಕಾಡಿನ ಸ್ಥಿತಿ ವರದಿ ಪ್ರಕಟಿಸುತ್ತಿದೆ. ಉಪಗ್ರಹ ಚಿತ್ರದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದ ಶೇ 10ಕ್ಕಿಂತ ಹೆಚ್ಚು ಭಾಗ ಮರದ ನೆತ್ತಿಯಿಂದ ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಶೇ 10ರಿಂದ 40ರವರೆಗೆ ತೆರೆದ ಕಾಡು, 40ರಿಂದ 70 ಸಾಧಾರಣ ದಟ್ಟ, 70ಕ್ಕಿಂತ ಮೇಲೆ ಅತಿ ದಟ್ಟ. ಜಮೀನು ಯಾರದು, ಮರ ಯಾವುದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಆದ್ದರಿಂದ ಕೊಡಗಿನ ನೆರಳಿನ ಕಾಫಿ ತೋಟವೂ ಅರಣ್ಯ ಹೊದಿಕೆ, ನೀಲಗಿರಿ ನೆಡುತೋಪೂ ಅರಣ್ಯ ಹೊದಿಕೆ. ಝಾಂ-ಫಿಲಿಪ್ ಪುಯ್ರಾವೊ, ಪ್ರಿಯಾ ದಾವಿದಾರ್ ಮತ್ತು ವಿಲಿಯಂ ಲಾರೆನ್ಸ್ 2010ರಲ್ಲಿ ಎತ್ತಿದ ತಕರಾರು ಇದೇ. ನೆಡುತೋಪು ಹೆಚ್ಚುತ್ತಾ ಹೋದ ಹಾಗೆ ಒಟ್ಟು ಮೊತ್ತ ಏರುತ್ತದೆ, ಅದರ ಅಡಿಯಲ್ಲಿ ಸ್ವಾಭಾವಿಕ ಕಾಡು ಕರಗುತ್ತಿರುವುದು ಮರೆಯಾಗುತ್ತದೆ ಎಂದು ಅವರು ತೋರಿಸಿದರು.

ಅವನತಿಯ ವಿಷಯದಲ್ಲಿ ತೊಡಕು ಇನ್ನೂ ಆಳದ್ದು. ಶೇ 95 ನೆರಳಿದ್ದ ಕಾಡು ಶೇ 72ಕ್ಕೆ ಇಳಿದರೂ ಅದು ಅತಿ ದಟ್ಟ ಕಾಡಾಗಿಯೇ ಉಳಿಯುತ್ತದೆ. ದೊಡ್ಡ ಮರಗಳ ನೆತ್ತಿ ಹಾಗೇ ಇದ್ದು, ಕೆಳಗಿನ ಗಳು, ಎಳೆಮರ, ಸಸಿಗಳೆಲ್ಲ ಹೋದರೂ ಮೇಲಿನಿಂದ ಹಸಿರೇ. ಆ ಹಸಿರಿನ ಅಡಿಯಲ್ಲಿ ನಾಳೆಯ ಮರವಿಲ್ಲ ಎಂಬುದು ನಲವತ್ತು ವರ್ಷ ಕಳೆದು, ಈಗಿನ ಮುದಿಮರಗಳು ಬೀಳತೊಡಗಿದಾಗ ಗೊತ್ತಾಗುತ್ತದೆ. ಉಪಗ್ರಹಗಳು ಇವತ್ತು ಮೊದಲಿಗಿಂತ ಎಷ್ಟೋ ಸೂಕ್ಷ್ಮವಾಗಿ ನೋಡುತ್ತವೆ, ಲೇಸರ್ ಕಿರಣದಿಂದ ಮರದ ಎತ್ತರವನ್ನೂ ಹೇಳುತ್ತವೆ. ಆದರೆ ಆ ಎಲ್ಲ ಅಂದಾಜುಗಳನ್ನು ಒರೆಗೆ ಹಚ್ಚಲು ನೆಲದ ಮೇಲೆ ಯಾರೋ ಟೇಪು ಹಿಡಿದು ಅಳೆದ ಮರವೇ ಬೇಕು.

ಆ ಅಳತೆ ಹೇಗಿರುತ್ತದೆ? ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಹಳೆಯ ಪದ್ಧತಿಯಲ್ಲಿ ಒಂದು ಪ್ಲಾಟ್ ಎಂದರೆ 0.1 ಹೆಕ್ಟೇರ್, ಅಂದರೆ 31.62 ಮೀಟರ್ ಬದಿಯ ಚೌಕ. ಜಾಗವನ್ನು ನಕ್ಷೆಯ ಮೇಲೆ ಮೊದಲೇ ಗೊತ್ತು ಮಾಡಿರುತ್ತಾರೆ. ಬಿಂದು ಕಣಿವೆಯಲ್ಲಿ ಬಿದ್ದರೆ ಕಣಿವೆಗೆ ಇಳಿಯಬೇಕು, ಲಂಟಾನದ ಮೆಳೆಯಲ್ಲಿ ಬಿದ್ದರೆ ಮಚ್ಚಿನಿಂದ ದಾರಿ ಬಿಡಿಸಿಕೊಂಡು ಒಳಹೋಗಬೇಕು. ಕಷ್ಟವಾಯಿತೆಂದು ಬಿಂದುವನ್ನು ನೂರು ಹೆಜ್ಜೆ ಈಚೆಗೆ, ರಸ್ತೆಯ ಹತ್ತಿರಕ್ಕೆ ಸರಿಸಿದರೆ ಇಡೀ ಸಮೀಕ್ಷೆ ರಸ್ತೆಬದಿಯ ಕಾಡಿನ ಸಮೀಕ್ಷೆಯಾಗುತ್ತದೆ. ಚೌಕದೊಳಗಿನ ಪ್ರತಿ ಮರವನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಎದೆಮಟ್ಟ ಎನ್ನುತ್ತಾರಲ್ಲ ಅಲ್ಲಿ, ಅಳೆಯುತ್ತಾರೆ. ಇಳಿಜಾರಿನಲ್ಲಿದ್ದರೆ ಮೇಲ್ಬದಿಯಲ್ಲಿ ನಿಂತು ಅಳೆಯಬೇಕು. ಎದೆಮಟ್ಟಕ್ಕಿಂತ ಕೆಳಗೇ ಕವಲಾಗಿದ್ದರೆ ಎರಡು ಕಾಂಡ ಎಂದು ಬರೆದುಕೊಳ್ಳಬೇಕು. ಬೇರು ಹಲಗೆಯಂತೆ ಎದ್ದಿರುವ ಮಳೆಕಾಡಿನ ಮರವಾದರೆ ಹಲಗೆ ಮುಗಿಯುವಲ್ಲಿಗೆ ಟೇಪು ಏರಬೇಕು. ಹೆಸರು ತಿಳಿಯದ ಅಧಿಕಾರಿಗೆ ದಿಂಡಿಗವೂ ಮತ್ತಿಯೂ ಒಂದೇ ಥರ ಕಂಡೀತು. ಪಕ್ಕದಲ್ಲಿರುವ ವಾಚರ್ ತೊಗಟೆ ಕೆತ್ತಿ ನೋಡಿ ಹೇಳುತ್ತಾನೆ. ಎಷ್ಟೋ ವರದಿಗಳ ನಿಖರತೆ ನಿಂತಿರುವುದು ಹೆಸರು ಅಚ್ಚಾಗದ ಈ ವಾಚರ್‌ಗಳ ಕಣ್ಣಿನ ಮೇಲೆ.

ಇದಿಷ್ಟೂ ನಿಂತಿರುವ ಮರದ ಲೆಕ್ಕ. ಹೋದ ಮರದ ಲೆಕ್ಕ ಬುಡದಲ್ಲಿದೆ. ಕಡಿದ ಬುಡ ಬಹಳಷ್ಟು ಹೇಳುತ್ತದೆ, ಓದಲು ಕೂರಬೇಕು ಅಷ್ಟೆ. ಈ ವರ್ಷ ಕಡಿದದ್ದಾದರೆ ಮೇಲ್ಮೈ ತಿಳಿಬಣ್ಣದ್ದು, ಅಂಚಿನಲ್ಲಿ ಅಂಟು ಇನ್ನೂ ಹೊಳೆಯುತ್ತಿರುತ್ತದೆ, ಸುತ್ತ ಚಕ್ಕೆ ಬಿದ್ದಿರುತ್ತದೆ. ಒಂದು ಮಳೆಗಾಲ ಕಂಡ ಬುಡ ಬೂದು ಬಣ್ಣಕ್ಕೆ ತಿರುಗಿ ಅಣಬೆ ಹಿಡಿಯುತ್ತದೆ. ಇನ್ನೂ ಹಳೆಯದಾದರೆ ತೊಗಟೆ ಸಡಿಲವಾಗಿ, ಬದುಕುಳಿಯುವ ಜಾತಿಯಾದರೆ ಬದಿಯಿಂದ ಹೆಬ್ಬೆರಳು ಗಾತ್ರದ ಚಿಗುರುಗಳು ಎದ್ದಿರುತ್ತವೆ. ಮಚ್ಚು ಕೊಡಲಿಯ ಏಟಾದರೆ ಗಾಯ ಓರೆ, ಎತ್ತರ ಮೊಣಕಾಲಿನಷ್ಟು. ಗರಗಸವಾದರೆ ಸಪಾಟು, ನೆಲಕ್ಕೆ ಹತ್ತಿರ. ಮೊದಲನೆಯದು ಸಾಮಾನ್ಯವಾಗಿ ಮನೆಬಳಕೆಗೆ ಬಂದವರದು, ಎರಡನೆಯದರ ಹಿಂದೆ ಹೆಚ್ಚಾಗಿ ಗಾಡಿ, ಲಾರಿ ಇರುತ್ತದೆ. ಆನೆ ಮುರಿದದ್ದಾದರೆ ನಾರು ಸೀಳಿ ಎಳೆಎಳೆಯಾಗಿ ನೇತಾಡುತ್ತದೆ. ಬೀಟೆ, ಗಂಧದಂಥ ಬೆಲೆಬಾಳುವ ಮರದ ಬುಡವನ್ನು ಕಳ್ಳರು ಮಣ್ಣು, ತರಗೆಲೆ ಮುಚ್ಚಿ ಹೋಗಿರುತ್ತಾರೆ. ಅದಕ್ಕಾಗಿಯೇ ಚೌಕವನ್ನು ಕಾಲಿನಿಂದ ಕೆದರುತ್ತಾ ನಡೆಯಬೇಕಾಗುತ್ತದೆ.

ಬುಡದಿಂದ ಮರದ ಗಾತ್ರ ಕಂಡುಹಿಡಿಯುವುದಕ್ಕೂ ದಾರಿಯಿದೆ. ಅದೇ ಕಾಡಿನಲ್ಲಿ ನಿಂತಿರುವ ಅದೇ ಜಾತಿಯ ಹತ್ತಾರು ಮರಗಳ ಸುತ್ತಳತೆಯನ್ನು ಬುಡದಲ್ಲೂ ಎದೆಮಟ್ಟದಲ್ಲೂ ತೆಗೆದು, ಎರಡರ ಸಂಬಂಧ ಕಟ್ಟಿಕೊಂಡರೆ ಇಲ್ಲದ ಮರದ ಎದೆಮಟ್ಟದ ಅಳತೆ ಸಿಗುತ್ತದೆ. ಅಲ್ಲಿಂದ ಜಾತಿವಾರು ಸೂತ್ರದ ಮೂಲಕ ಘನ ಅಳತೆಗೆ, ಮರದ ಸಾಂದ್ರತೆಯ ಮೂಲಕ ತೂಕಕ್ಕೆ ಹೋಗಬಹುದು. ಆದರೆ ಸೌದೆಯ ಬಹುಪಾಲು ಬುಡವನ್ನೇ ಬಿಡುವುದಿಲ್ಲ. ಒಣಕೊಂಬೆ, ಪುಳ್ಳೆ, ಸವರಿದ ರೆಂಬೆ ಇವಕ್ಕೆ ಬುಡವಿಲ್ಲ. ಸವರಿದ್ದನ್ನು ಸಮೀಕ್ಷಕರು ಅಂಕ ಕೊಟ್ಟು ಗುರುತಿಸುತ್ತಾರೆ: ಕಾಲುಭಾಗ ಕೊಂಬೆ ಹೋಗಿದೆಯೇ, ಅರ್ಧವೇ, ಬೋಳೇ. ಇಬ್ಬರು ಸಮೀಕ್ಷಕರು ಒಂದೇ ಮರಕ್ಕೆ ಬೇರೆ ಬೇರೆ ಅಂಕ ಕೊಡುವುದು ಮಾಮೂಲು. ಇಬ್ಬರೂ ಒಟ್ಟಿಗೆ ನೋಡಿ ಪಳಗಿದ ಮೇಲಷ್ಟೇ ಈ ಅಂಕಕ್ಕೆ ಬೆಲೆ.

ಊರಿನಿಂದ ದೂರ ಹೋದ ಹಾಗೆ ಗಾಯ ಕಡಿಮೆಯಾಗುತ್ತದೆಯೇ ಎಂಬುದು ಇಂಥ ಅಧ್ಯಯನಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆ. ಭದ್ರಾ ಅಭಯಾರಣ್ಯದ ಹಳ್ಳಿಗಳು ಸ್ಥಳಾಂತರವಾದ ಕಾಲದ ಕಾಡನ್ನು ಹಿಡಿದು ಕೃತಿ ಕಾರಂತ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಹಳ್ಳಿಯ ಗಾತ್ರಕ್ಕೂ ಸುತ್ತಲ ಕಾಡಿನ ಗಾಸಿಗೂ ಇರುವ ಸಂಬಂಧವನ್ನು ಹುಡುಕಿತು. ಒಮ್ಮೆ ಅಳೆದರೆ ಸಿಗುವುದು ಒಂದು ಕ್ಷಣದ ಚಿತ್ರ ಮಾತ್ರ. ಕಾಡು ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯಲು ಅದೇ ಪ್ಲಾಟಿಗೆ ಮತ್ತೆ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ 1980ರ ದಶಕದಲ್ಲಿ ಉತ್ತರ ಕನ್ನಡದಲ್ಲಿ ಕಾಯಂ ಪ್ಲಾಟುಗಳನ್ನು ಹಾಕಿತು. 1988ರಲ್ಲಿ ಆರ್. ಸುಕುಮಾರ್ ಮತ್ತು ತಂಡ ಬಂಡೀಪುರದ ಮಗ್ಗುಲಿನ ಮುದುಮಲೆಯಲ್ಲಿ 50 ಹೆಕ್ಟೇರಿನ ಪ್ಲಾಟ್ ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪಗಿರುವ ಪ್ರತಿ ಕಾಂಡಕ್ಕೂ ನಂಬರ್ ಕಟ್ಟಿತು. ಪುದುಚೇರಿಯ ಫ್ರೆಂಚ್ ಸಂಸ್ಥೆ ಕೊಡಗಿನ ಉಪ್ಪಂಗಳದಲ್ಲಿ ಮಳೆಕಾಡಿನ ಪ್ಲಾಟುಗಳನ್ನು ನಡೆಸುತ್ತ ಬಂದಿದೆ. ಕಾಯಂ ಪ್ಲಾಟಿಗೂ ಒಂದು ದೋಷವುಂಟು. ಗುರುತು ಹಾಕಿದ ಜಾಗ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ಲಿ ಕಾವಲು ಹೆಚ್ಚುತ್ತದೆ, ಕಡಿಯುವವರು ಪಕ್ಕಕ್ಕೆ ಸರಿಯುತ್ತಾರೆ. ಪ್ಲಾಟ್ ಚೆನ್ನಾಗಿದ್ದು ಅದರ ಆಚೆ ಕಾಡು ಬರಿದಾಗುವುದು ಅಸಾಧ್ಯವೇನಲ್ಲ.

ಇನ್ನು ಒಲೆಯ ಕಡೆ. ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡಬಹುದಾದ ಒಂದು ಕೆಲಸವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ, ಅಸ್ತ್ರ ಒಲೆಯಿಂದ ನಮ್ಮ ಹಳ್ಳಿಮನೆಗಳಿಗೆ ಹೆಸರು ಗೊತ್ತಾದ ಅದೇ ತಂಡ, ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1977ರ ಸುಮಾರಿಗೆ ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯ ಶಕ್ತಿ ಬಳಕೆಯನ್ನು ಮನೆಮನೆಗೂ ಹೋಗಿ ಅಳೆಯಿತು. 56 ಮನೆ, 357 ಜನ. ವರ್ಷಕ್ಕೆ ಸುಮಾರು 217 ಟನ್ ಸೌದೆ, ಅಂದರೆ ತಲೆಗೆ ದಿನಕ್ಕೆ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ದುಡ್ಡು ಕೊಟ್ಟು ಕೊಂಡದ್ದು ಶೇ 4ರಷ್ಟು ಮಾತ್ರ, ಮಿಕ್ಕಿದ್ದೆಲ್ಲ ಮನೆಯವರು ಆರಿಸಿ ತಂದದ್ದು. ಆರಿಸಿ ತಂದದ್ದು ಎಂಬ ಮಾತಿಗೆ ಅಂಡರ್‌ಲೈನ್ ಹಾಕಬೇಕು. ಹಳ್ಳಿಯ ಒಲೆಯೇ ಕಾಡು ತಿನ್ನುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಆ ಒಲೆಗೆ ಹೋಗುವುದರಲ್ಲಿ ಮರ ಉರುಳಿಸಿ ತಂದದ್ದು ಎಷ್ಟು, ಪುಳ್ಳೆ ಎಷ್ಟು ಎಂದು ಕೇಳುವುದಕ್ಕೆ ಈ ಅಂಕಿಗಳು ಆಧಾರ ಕೊಟ್ಟವು.

ಒಲೆಯ ಸಮೀಕ್ಷೆ ಹೊರನೋಟಕ್ಕೆ ಸುಲಭ, ಒಳಗೆ ಬಲು ಕಷ್ಟ. 'ದಿನಕ್ಕೆ ಎಷ್ಟು ಸೌದೆ ಬೇಕಮ್ಮ?' ಎಂದು ಕೇಳಿದರೆ 'ಒಂದು ಹೊರೆ ನಾಕು ದಿನ ಬರ್ತದೆ' ಎಂಬ ಉತ್ತರ ಬರುತ್ತದೆ. ಹೊರೆ ಎಷ್ಟು ದಪ್ಪ? ಹಾಗಾಗಿ ಒಳ್ಳೆಯ ಸಮೀಕ್ಷೆಯಲ್ಲಿ ಸೌದೆಯ ಕಂತೆಯೊಂದನ್ನು ತೂಗಿ ಮನೆಯವರಿಗೆ ಕೊಟ್ಟು, 'ನಾಳೆ ಇದೇ ಹೊತ್ತಿನವರೆಗೆ ಇದರಿಂದ ಮಾತ್ರ ಉರಿಸಿ' ಎಂದು ಕೇಳಿಕೊಳ್ಳುತ್ತಾರೆ. ಮರುದಿನ ಬಂದು ಉಳಿದದ್ದನ್ನು ತೂಗುತ್ತಾರೆ. ಮಳೆಗಾಲ, ಚಳಿಗಾಲ, ಹಬ್ಬ, ಮದುವೆ, ಬಾಣಂತಿ ಇರುವ ಮನೆ, ನೀರು ಕಾಯಿಸುವ ಹಂಡೆ ಇವೆಲ್ಲ ಲೆಕ್ಕವನ್ನು ಅಲ್ಲಾಡಿಸುತ್ತವೆ. ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ತೇವ ಅಳೆಯದೆ ತೂಗಿದ ಟನ್ನುಗಳನ್ನು ಇನ್ನೊಂದು ಊರಿನ ಟನ್ನುಗಳ ಜೊತೆ ಹೋಲಿಸುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡದು ಭಯ. ಕಾಡಂಚಿನಲ್ಲಿ ಜೀಪಿನಿಂದ ಇಳಿದವರು ನೋಟ್‌ಬುಕ್ ತೆರೆದು ಸೌದೆ ಎಲ್ಲಿಂದ ತಂದಿರಿ ಎಂದರೆ, 'ನಮ್ಮ ಹೊಲದ ಬದುವಿನಿಂದ' ಎನ್ನುವುದೇ ಬುದ್ಧಿವಂತಿಕೆ. ಆ ಊರಿನ ಹುಡುಗಿಯೇ ಕೇಳಿದರೆ ಉತ್ತರ ಬೇರೆ. ಮಾತು ಬೇಡವೆಂದರೆ ಕಾಲುದಾರಿಯ ಬಾಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತು ಹೊರೆಗಳನ್ನು ಎಣಿಸಬಹುದು. ಎಷ್ಟೋ ತಂಡಗಳು ಹಾಗೆ ಮಾಡಿವೆ.

ರಾಷ್ಟ್ರಮಟ್ಟದ ಅಂಕಿಗಳು ಒಂದಕ್ಕೊಂದು ಹೊಂದದೆ ಇರುವುದು ಇದರಿಂದಲೇ. 2011ರ ಅರಣ್ಯ ಸ್ಥಿತಿ ವರದಿ ದೇಶದ ಮನೆಗಳು ವರ್ಷಕ್ಕೆ 21.64 ಕೋಟಿ ಟನ್ ಸೌದೆ ಉರಿಸುತ್ತವೆ, ಅದರಲ್ಲಿ 5.87 ಕೋಟಿ ಟನ್ ಕಾಡಿನಿಂದ ಬರುತ್ತದೆ ಎಂದಿತು. ಹತ್ತಿರಹತ್ತಿರ ಮುಕ್ಕಾಲು ಪಾಲು ಸೌದೆ ಕಾಡಿನ ಹೊರಗಿನದು ಎಂದಾಯಿತು. 2019ರ ವರದಿಗಾಗಿ ಕಾಡಂಚಿನ ಹಳ್ಳಿಗಳನ್ನೇ ಹಿಡಿದು ಮಾಡಿದ ಸಮೀಕ್ಷೆ ಆ ಹಳ್ಳಿಗಳಿಂದಲೇ ಸುಮಾರು 8.5 ಕೋಟಿ ಟನ್ ಎಂದಿತು. ಅಡುಗೆ ಅನಿಲ ಮನೆಮನೆಗೆ ತಲುಪಿದ ಎಂಟು ವರ್ಷದಲ್ಲಿ ಕಾಡಿನ ಸೌದೆ ಅಷ್ಟು ಏರಿತೆಂದು ಇದರ ಅರ್ಥವಲ್ಲ. ಎರಡು ಸಮೀಕ್ಷೆ ಎರಡು ಬೇರೆ ಪ್ರಶ್ನೆ ಕೇಳಿದ್ದವು. ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ಹೆಚ್ಚಳ ಇಳಿಕೆ ಎಂದು ಬರೆಯುವವರು ಓದುಗರಿಗೆ ಅನ್ಯಾಯ ಮಾಡುತ್ತಾರೆ.

ಹೋದದ್ದು ಎಷ್ಟು ಎಂಬುದರ ಜೊತೆಗೆ ಬೆಳೆದದ್ದು ಎಷ್ಟು ಎಂಬುದೂ ಬೇಕು. ಕಾಡು ವರ್ಷಕ್ಕೆ ಬೆಳೆಯುವುದಕ್ಕಿಂತ ಕಡಿಮೆ ತೆಗೆದರೆ ಕಾಡಿಗೆ ನಷ್ಟವಿಲ್ಲ. ರಾಬರ್ಟ್ ಬೈಲಿಸ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಜಾಗತಿಕ ಲೆಕ್ಕದ ಪ್ರಕಾರ 2009ರಲ್ಲಿ ತೆಗೆದ ಸೌದೆಯಲ್ಲಿ ಶೇ 27ರಿಂದ 34ರಷ್ಟು ಮಾತ್ರ ಬೆಳವಣಿಗೆಯನ್ನು ಮೀರಿದ್ದು. ಈ ಅಂಕಿಗೆ ಈಗ ಹಣದ ನಂಟೂ ಇದೆ. ಸುಧಾರಿತ ಒಲೆ ಹಂಚಿ, ಉಳಿದ ಮರದ ಲೆಕ್ಕದಲ್ಲಿ ಕಾರ್ಬನ್ ಕ್ರೆಡಿಟ್ ಮಾರುವ ಯೋಜನೆಗಳು ಈ ಪ್ರಮಾಣವನ್ನು ಎತ್ತರಕ್ಕೆ ಹಿಡಿದಷ್ಟೂ ಅವುಗಳಿಗೆ ಲಾಭ. ಅಂಥ ಯೋಜನೆಗಳನ್ನು ಪರಿಶೀಲಿಸಿ 2024ರಲ್ಲಿ ಬಂದ ಅಧ್ಯಯನವೊಂದು, ಕೊಟ್ಟ ಕ್ರೆಡಿಟ್ ನಿಜವಾದ ಉಳಿತಾಯದ ಒಂಬತ್ತು ಪಟ್ಟಿಗೂ ಹೆಚ್ಚು ಎಂದು ಕಂಡಿತು. ಹಳ್ಳಿಯ ಒಲೆಯ ಬಳಿ ತಕ್ಕಡಿ ಹಿಡಿದು ಕೂರದ ಸಮೀಕ್ಷೆಯ ಬೆಲೆಯನ್ನು ಇವತ್ತು ಇಡೀ ಜಗತ್ತು ತೆರುತ್ತಿದೆ.

ದಾರಿಯ ಲೆಕ್ಕ ನಮ್ಮಲ್ಲಿ ಬಡವಾಗಿದೆ ಎಂದೆ. ಇದ್ದಲ್ಲೆಲ್ಲ ಅದು ಕಣ್ಣು ತೆರೆಸಿದೆ. ಅಮೂಲ್ಯ ರೆಡ್ಡಿ ಮತ್ತು ಬಿ. ಸುಧಾಕರ ರೆಡ್ಡಿ 1983ರಲ್ಲಿ ಬೆಂಗಳೂರಿನ ಸೌದೆ ಕುರಿತು ಬರೆದ ಲೇಖನ ನಗರದ ಬಡವರ ಒಲೆಗೆ ದೂರದೂರದಿಂದ ಲಾರಿಯಲ್ಲಿ ಬರುವ ಮರದ ಬೆನ್ನು ಹತ್ತಿತ್ತು. ಅದಕ್ಕೂ ಹಿಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯತೊಡಗಿದ್ದು ಸುತ್ತಲ ಕಾಡಿನ ಮರದ ಇದ್ದಿಲಿನಿಂದ. ಇಂಥ ಕಡೆ ತೂಕ ಹಾಕುವ ಯಂತ್ರವಿತ್ತು, ಪಾಸು ಇತ್ತು, ರಿಜಿಸ್ಟರ್ ಇತ್ತು. ಅವೆಲ್ಲ ಕಾನೂನುಬದ್ಧ. ಕಾನೂನುಬದ್ಧವಾದದ್ದು ಅವನತಿಯ ಪಟ್ಟಿಗೆ ಸೇರುತ್ತಿರಲಿಲ್ಲ.

ಈ ವಿಷಯದಲ್ಲಿ ದಾಂಡೇಲಿಯ ಬಿದಿರಿನ ಕಥೆಯನ್ನು ಮೀರಿಸುವಂಥದ್ದಿಲ್ಲ. 1950ರ ದಶಕದ ಕೊನೆಗೆ ಶುರುವಾದ ಕಾಗದದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಿಗುತ್ತಿತ್ತು. ಮುಗಿಯದ ಸಂಪತ್ತು ಎಂದುಕೊಂಡದ್ದು ಕೆಲವೇ ವರ್ಷಗಳಲ್ಲಿ ಬರಿದಾಗತೊಡಗಿತು. ಊರವರು ಮತ್ತು ದನಗಳೇ ಕಾರಣ ಎಂಬ ಮಾತಿತ್ತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಕಾಡಿಗೆ ಹೋಗಿ ಮೆಳೆ ಮೆಳೆಯನ್ನೂ ಅಳೆದರು. ದಾಖಲೆಯಲ್ಲಿದ್ದ ಬಿದಿರಿನ ದಾಸ್ತಾನು ಕಾಡಿನಲ್ಲಿದ್ದುದಕ್ಕಿಂತ ಬಹಳ ಹೆಚ್ಚೆಂದು ಗೊತ್ತಾಯಿತು. ಇನ್ನೊಂದೂ ಗೊತ್ತಾಯಿತು. ಬಿದಿರು ಚೆನ್ನಾಗಿ ಬೆಳೆಯಲೆಂದು ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ತೆಗೆದುಹಾಕಬೇಕೆಂಬ ನಿಯಮವಿತ್ತು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ. ಮುಳ್ಳು ಹೋದ ಮೆಳೆಯಲ್ಲಿ ದನ, ಕಾಡುಪ್ರಾಣಿ ಕಳಲೆಯನ್ನೆಲ್ಲ ಮೇಯ್ದುಬಿಡುತ್ತಿದ್ದವು, ಹೊಸ ಗಳು ಏಳುತ್ತಲೇ ಇರಲಿಲ್ಲ. ಊರವರು ತಮಗೆ ಬೇಕಾದಾಗ ಮುಳ್ಳು ಬಿಟ್ಟು ಮೇಲಿನಿಂದ ಕಡಿಯುತ್ತಿದ್ದರು. ಕಚೇರಿಯಲ್ಲಿ ಕೂತು ಬರೆದ ನಿಯಮ ಕಾಡು ಕೆಡಿಸುತ್ತಿದ್ದದ್ದನ್ನು ಕಂಡುಹಿಡಿದದ್ದು ಮಂಡಿಯೂರಿ ಕಳಲೆ ಎಣಿಸಿದ ಸಮೀಕ್ಷೆ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿ ಬಳಿಯ ಕಾಡಿನಲ್ಲಿ ಜನ ಮರ ಅಪ್ಪಿಕೊಂಡು ನಿಂತಾಗ ಅವರ ದೂರಿನಲ್ಲೂ ಒಂದು ಅಳತೆಯಿತ್ತು: ಗುರುತು ಹಾಕಿದ ಮರ ಬೀಳುವಾಗ ಅದರ ಜೊತೆ ಮುರಿಯುವ ಮರಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು.

ಅವನತಿ ಎಂದರೆ ಮರ ಹೋಗುವುದು ಮಾತ್ರವೇ? ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಈ ಪ್ರಶ್ನೆಯನ್ನು ಬಿಗಿಗೊಳಿಸುತ್ತದೆ. ಘಟ್ಟದ ಮೇಲಿನ ಅಡಿಕೆ ತೋಟಿಗರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿನ ಮರಗಳನ್ನು ಗೊಬ್ಬರಕ್ಕೆ ಸವರುತ್ತಾರೆ. ಕಾಡಿನ ಅಳತೆಗೋಲಿಗೆ ಅದು ಬೋಳು. ತೋಟಕ್ಕೆ ಸೊಪ್ಪು, ದನಕ್ಕೆ ಹುಲ್ಲು, ಒಲೆಗೆ ಸೌದೆ ಕೊಡುವ ಜಾಗವಾಗಿ ನೋಡಿದರೆ ಎಷ್ಟೋ ಬೆಟ್ಟಗಳು ಚೆನ್ನಾಗಿಯೇ ಇವೆ, ಕೆಲವು ನಿಜಕ್ಕೂ ಹಾಳಾಗಿವೆ. ಶರಚ್ಚಂದ್ರ ಲೇಲೆ 1993ರ ತಮ್ಮ ಮಹಾಪ್ರಬಂಧದಲ್ಲಿ ಇದನ್ನೇ ವಿಷಯ ಮಾಡಿಕೊಂಡರು. ಯಾರ ಬಳಕೆಗೆ, ಯಾವ ಕಾಲದವರೆಗೆ ಎಂದು ಹೇಳದೆ ಅವನತಿಯನ್ನು ಅಳೆದರೆ, ಅಳೆಯುವವನ ಇಷ್ಟವೇ ಅಳತೆಗೋಲಾಗುತ್ತದೆ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಆದದ್ದು ಇನ್ನೊಂದು ಬಗೆ. ಅಲ್ಲಿ 1997ರಲ್ಲಿ ಅಳೆಯಲಾಗಿದ್ದ ಪ್ಲಾಟುಗಳನ್ನು ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ 2008ರಲ್ಲಿ ಮತ್ತೆ ಅಳೆದಾಗ ಲಂಟಾನದ ಕಳೆ ಶೇ 41ರಷ್ಟು ಪ್ಲಾಟುಗಳಿಂದ ಶೇ 81ಕ್ಕೆ ಹಬ್ಬಿತ್ತು. ಅಲ್ಲಿ ಮರ ಕಡಿತ ನಿಂತು ವರ್ಷಗಳಾಗಿದ್ದವು. ಉಪಗ್ರಹಕ್ಕೆ ಎಲ್ಲವೂ ಹಸಿರು. ಬುಡ ಎಣಿಸಿದರೂ ಏನೂ ಸಿಗುತ್ತಿರಲಿಲ್ಲ. ಹಿಂದೆ ಬೇಸಿಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿ, ನೆಲದ ಎಲೆಯನ್ನಷ್ಟೇ ಸುಡುವ ಸಣ್ಣ ಬೆಂಕಿ, ನಿಂತದ್ದೇ ಇದಕ್ಕೆ ಕಾರಣ ಎಂದು ಅಲ್ಲಿನ ಸೋಲಿಗ ಬುಡಕಟ್ಟಿನವರು ಹೇಳುತ್ತಾರೆ. ಸಂಶೋಧಕರು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಮುದುಮಲೆಯ ಪ್ಲಾಟಿನಲ್ಲಿ ಕಿಡಿಯಾ ಎಂಬ ಮರದ ಜಾತಿ ತೀವ್ರವಾಗಿ ಇಳಿದದ್ದಕ್ಕೆ ಮುಖ್ಯ ಕಾರಣ ಆನೆಗಳು. ಬಂಡೀಪುರದ ಅಂಚಿನಲ್ಲಿ ಎಂ.ಡಿ. ಮಧುಸೂದನ್ 2005ರಲ್ಲಿ ತೋರಿಸಿದ ಸಂಗತಿ ಇವೆಲ್ಲಕ್ಕಿಂತ ಬೆರಗಿನದು. ಕಾಫಿ ಬೆಲೆ ಏರಿದಾಗ ತೋಟಗಳು ಸಗಣಿ ಗೊಬ್ಬರಕ್ಕೆ ಹೆಚ್ಚು ದುಡ್ಡು ಕೊಟ್ಟವು, ಹಳ್ಳಿಗಳು ಸಗಣಿಗಾಗಿಯೇ ದನ ಇಟ್ಟುಕೊಂಡವು, ಆ ದನ ಕಾಡು ಮೇಯ್ದವು. ಕಾಡಿನ ಸಾರ ಸಗಣಿಯ ರೂಪದಲ್ಲಿ ಲಾರಿ ಹತ್ತಿ ಹೋಗುತ್ತಿತ್ತು. ದಾರಿಯನ್ನು ಹಿಡಿದು ನಡೆದ ಸಮೀಕ್ಷೆಗೆ ಮಾತ್ರ ಇದು ಕಾಣುತ್ತದೆ.

ಮರದ ದಾರಿಯೂ ಈಗ ಬದಲಾಗಿದೆ. 1996ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶದ ನಂತರ ಕಾಡಿನ ಕಡಿತಕ್ಕೆ ದೊಡ್ಡ ತಡೆ ಬಿತ್ತು. 2011ರ ವರದಿಯ ಪ್ರಕಾರ ಸರ್ಕಾರಿ ಕಾಡಿನಿಂದ ಬಂದ ನಾಟಾ ವರ್ಷಕ್ಕೆ 31.75 ಲಕ್ಷ ಘನ ಮೀಟರ್. ಕಾಡಿನ ಹೊರಗಿನ ಮರಗಳಿಂದ ಸಿಗಬಹುದಾದದ್ದು ಸುಮಾರು 4.3 ಕೋಟಿ. ಹೊಲದ ಬದು, ಸರ್ವೆ ತೋಪು, ಸಿಲ್ವರ್ ಓಕ್ ಸಾಲು ಈಗ ನಾಡಿನ ಮರದ ಉಗ್ರಾಣ. ಹೀಗಿರುವಾಗ ಕಾಡಂಚಿನ ಹೊರೆಯನ್ನು ಮಾತ್ರ ತೂಗುವ ಸಮೀಕ್ಷೆಗೆ ನಾಡಿನ ಮರದ ಓಡಾಟದ ಒಂದು ಮೂಲೆಯಷ್ಟೇ ಕಾಣುತ್ತದೆ.

ಬುಡ, ದಾರಿ, ಒಲೆ ಮೂರನ್ನೂ ಒಟ್ಟಿಗೆ ಅಳೆಯಲು ತಕ್ಕ ಜಾಗ ಕರ್ನಾಟಕದಲ್ಲೇ ಇದೆ: ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ. ನಾಗರಹೊಳೆಯ ಮಗ್ಗುಲಿನ ಈ ತಾಲೂಕುಗಳಲ್ಲಿ ಹೊಗೆಸೊಪ್ಪನ್ನು ಒಣಗಿಸುವ ಕೊಠಡಿಗಳಾದ ಬ್ಯಾರನ್‌ಗಳಲ್ಲಿ ಸೌದೆ ಉರಿಸಿ ಹದ ಮಾಡುತ್ತಾರೆ. ಮಿಕ್ಕ ಕಡೆ ಒಲೆಗಳನ್ನು ಹುಡುಕಬೇಕು. ಇಲ್ಲಿ ಬ್ಯಾರನ್‌ಗಳಿಗೆ ತಂಬಾಕು ಮಂಡಳಿಯ ಪರವಾನಗಿ ಇದೆ, ಹರಾಜಾದ ಸೊಪ್ಪಿಗೆ ಕಿಲೋ ಲೆಕ್ಕವಿದೆ. ಕೆಲವು ಬ್ಯಾರನ್‌ಗಳಲ್ಲಿ ಒಂದು ಹದಕ್ಕೆ ಹೋದ ಸೌದೆಯನ್ನು ತೇವ ಸಹಿತ ತೂಗಿದರೆ ಇಡೀ ಸೀಮೆಯ ಬೇಡಿಕೆ ಕೈಗೆ ಸಿಗುತ್ತದೆ. ಬ್ಯಾರನ್ನಿನ ಮುಂದೆ ಪೇರಿಸಿದ ರಾಶಿಯಲ್ಲಿ ಸರ್ವೆ ಎಷ್ಟು, ನೀಲಗಿರಿ ಎಷ್ಟು, ಮಾವು ಹುಣಸೆ ಎಷ್ಟು, ದಿಂಡಿಗ ಮತ್ತಿ ಎಷ್ಟು ಎಂದು ಜಾತಿವಾರು ಎಣಿಸಿದರೆ ಕಾಡಿನ ಪಾಲು ಬೇರೆಯಾಗುತ್ತದೆ. ಸೌದೆ ಲಾರಿಗಳು ಬರುವ ದಾರಿಯಲ್ಲಿ ಒಂದು ಹಂಗಾಮು ಹಗಲಿರುಳು ಎಣಿಕೆ, ಕಾಡಂಚಿನಲ್ಲಿ ಊರಿನಿಂದ ಒಳಕ್ಕೆ ಸಾಲಾಗಿ ಬುಡದ ಪ್ಲಾಟುಗಳು, ಎರಡು ವರ್ಷದ ನಂತರ ಅದೇ ಪ್ಲಾಟುಗಳಿಗೆ ಮರುಭೇಟಿ. ಎಣಿಸುವವರು ಆ ಊರುಗಳವರೇ, ಹಾಡಿಗಳ ಜೇನುಕುರುಬರೇ ಆಗಿರಬೇಕು, ಏಕೆಂದರೆ ಬುಡ ನೋಡಿ ಮರದ ಹೆಸರು ಹೇಳಬಲ್ಲವರು ಅವರು. ಇದಕ್ಕೆ ಬೇಕಾದ ಸಲಕರಣೆ ಟೇಪು, ತಕ್ಕಡಿ, ತೇವಮಾಪಕ, ನೋಟ್‌ಬುಕ್ಕು. ಹದದ ಕೆಲಸ ಮಳೆಗಾಲದ ನಡುವೆ ಶುರುವಾಗುವುದರಿಂದ ಬುಡದ ಮೊದಲ ಅಳತೆ ಅದಕ್ಕೂ ಮುಂಚೆ, ಬೇಸಿಗೆಯಲ್ಲೇ ಮುಗಿದಿರಬೇಕು.